ಚುಕ್ಕಿಗಳ ಲೆಕ್ಕ

ಹೋದ ದೀಪಾವಳಿಗೆ ಬಬಲೇಶ್ವರದ ನಮ್ಮ ಮನೆಯ ಪಡಸಾಲೆಗೆ 55 ಇಂಚಿನ ಟಿ.ವಿ. ಬಂತು. ತಂದವನು ಪುಣೆಯಲ್ಲಿ ಇಂಜಿನಿಯರ್ ಆಗಿರುವ ಮಗ. ರಟ್ಟಿನ ಡಬ್ಬಿಯ ಮೇಲೆ '4ಕೆ ಅಲ್ಟ್ರಾ ಎಚ್‌ಡಿ' ಎಂದಿತ್ತು. ಹಾಗೆಂದರೇನೆಂದು ಕೇಳಿದೆ. "ಅಡ್ಡಕ್ಕ 3,840 ಚುಕ್ಕಿ, ಉದ್ದಕ್ಕ 2,160. ಗುಣಿಸಿ ನೋಡವ್ವ" ಎಂದ. ಸಮಾಜ ಪಾಠ ಹೇಳುವವಳಿಗೆ ಗುಣಾಕಾರದ ಪರೀಕ್ಷೆ! ಕಾಗದದ ಮೇಲೆ ಮಾಡಿದೆ. ಎಂಬತ್ತೆರಡು ಲಕ್ಷ ದಾಟಿತು.

ನಾನು ಮೊದಲು ಟಿ.ವಿ. ನೋಡಿದ್ದು ಎಂಟು ವರ್ಷದವಳಿದ್ದಾಗ, ಅವ್ವನ ತವರೂರಿನ ಶಾಲೆಯ ಅಂಗಳದಲ್ಲಿ. ಬೆಂಗಳೂರಿನವರಿಗೆ ಈ ಮಾತು ಹೇಳಿದರೆ ನಂಬುವುದಿಲ್ಲ, ಏಕೆಂದರೆ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ನಮ್ಮ ಕಡೆಯ ಹಳ್ಳಿಗಳು ಅದಕ್ಕೂ ಆರು ವರ್ಷ ಮೊದಲೇ ನೋಡಿದ್ದವು. ಅಮೆರಿಕೆಯವರು ಎ.ಟಿ.ಎಸ್.-6 ಎಂಬ ತಮ್ಮ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಎರವಲು ಕೊಟ್ಟಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಆ ಪ್ರಯೋಗ ನಡೆಯಿತು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಹಿಂದುಳಿದದ್ದಕ್ಕೆ ಸಿಕ್ಕ ಬಹುಮಾನ ಅದೊಂದೇ ಇರಬೇಕು. ವಿಕ್ರಮ ಸಾರಾಭಾಯಿಯವರು ಕಂಡ ಕನಸು ಅದು. ನೋಡಲು ಅವರೇ ಉಳಿಯಲಿಲ್ಲ, 1971ರಲ್ಲೇ ತೀರಿಕೊಂಡಿದ್ದರು.

ಶಾಲೆಯ ಮಗ್ಗುಲಿಗೆ ಹತ್ತು ಅಡಿ ಅಗಲದ ಒಂದು ದೊಡ್ಡ ಬುಟ್ಟಿ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಕೋಳಿ ಗೂಡಿಗೆ ಬಡಿಯುವ ತಂತಿ ಜಾಲರಿಯಿಂದಲೇ ಅದನ್ನು ಕಟ್ಟಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲವೂ ಆ ಉಪಗ್ರಹಕ್ಕಿತ್ತು. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬೀಜ, ಗೊಬ್ಬರ, ದನದ ಬೇನೆ, ಕೂಸಿನ ಆರೈಕೆ. ಅದು ತುರ್ತು ಪರಿಸ್ಥಿತಿಯ ವರ್ಷವೆಂದು ನನಗೆ ತಿಳಿದದ್ದು ಮುಂದೆ ಪುಸ್ತಕ ಓದುವಾಗ.

ನನ್ನ ನೆನಪಿನಲ್ಲಿ ಉಳಿದದ್ದು ಬೀಜ ಗೊಬ್ಬರವಲ್ಲ. ಹುಡುಗರೆಲ್ಲ ಪೆಟ್ಟಿಗೆಯ ಮೂಗಿಗೆ ಮೂಗು ಹಚ್ಚಿ ಕೂಡುತ್ತಿದ್ದೆವು. ಅಪ್ಪ ಮಾತ್ರ ಕಂಬಳಿ ಹೊದ್ದು ಹಿಂದಿನ ಗೋಡೆಗೆ ಒರಗಿರುತ್ತಿದ್ದ. "ಮುಂದ ಕುಂತ್ರ ಬರೇ ಗೆರಿ ಕಾಣತಾವ, ಇಲ್ಲಿ ಬಾ, ಮನಿಷ್ಯಾ ಕಾಣತಾನ" ಎಂದು ಕರೆಯುತ್ತಿದ್ದ. ಆಗಿನ ಚಿತ್ರ 625 ಗೆರೆಗಳದು. ಹತ್ತಿರದಿಂದ ಗೆರೆ, ದೂರದಿಂದ ಮನುಷ್ಯ. ಅಪ್ಪ ಹೇಳಿದ್ದು ಶಾಸ್ತ್ರಕ್ಕೂ ಸರಿಯೇ.

ಒಂದು ವರ್ಷ ತುಂಬಿತು, ಉಪಗ್ರಹ ಅವರಿಗೆ ಮರಳಿತು, ಪೆಟ್ಟಿಗೆ ಕತ್ತಲಾಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಕೇಂದ್ರ ತೆರೆದರೂ ಅದರ ಅಲೆ ಅಷ್ಟು ದೂರದ ನಮಗೆಲ್ಲಿ ಮುಟ್ಟಬೇಕು! 1982ರಲ್ಲಿ ಬಣ್ಣ ಬಂತು. 1987ರ ಜನವರಿಯಲ್ಲಿ ರಾಮಾಯಣ ಶುರುವಾದಾಗ ನಾನು ಬಿ.ಎ. ಓದುತ್ತಿದ್ದೆ, ಟಿ.ವಿ. ಇದ್ದವರ ಮನೆಯ ಹೊಸ್ತಿಲಾಚೆ ಚಪ್ಪಲಿಯ ರಾಶಿ. ಆಮೇಲಿನದು ಎಲ್ಲರಿಗೂ ಗೊತ್ತು: ಕೇಬಲ್ಲು, ಡಿಶ್ಶು, ಮೊಬೈಲು.

ನನ್ನ ಮದುವೆ 1991ರಲ್ಲಿ. ವಿಡಿಯೋ ತೆಗೆಸಬೇಕೆಂದು ಹಟ ಹಿಡಿದವನು ಅಪ್ಪ. ಅಕ್ಷತೆ ಹಾಕುವಾಗ ಅವನು ಕ್ಯಾಮೆರಾ ಕಡೆ ತಿರುಗಿ ಒಮ್ಮೆ ನಕ್ಕಿದ್ದಾನೆ. ಎಂಟು ವರ್ಷಕ್ಕೆ ಹೋಗಿಬಿಟ್ಟ. ಅವನು ನಡೆಯುವ, ನಗುವ ಚಿತ್ರ ಇಡೀ ಮನೆತನದಲ್ಲಿ ಅದೊಂದೇ. ಕ್ಯಾಸೆಟ್ ಟ್ರಂಕಿನಲ್ಲಿ ಸೀರೆಯ ನಡುವೆ ಇತ್ತು. ಒಂದು ಅಂಚಿಗೆ ಬೂಸಲು ಹಿಡಿದಿತ್ತು. ವಿಜಯಪುರದ ಒಂದು ಫೋಟೋ ಅಂಗಡಿಯವರು ಹೇಗೋ ಒರೆಸಿ ಪೆನ್‌ಡ್ರೈವಿಗೆ ಇಳಿಸಿಕೊಟ್ಟರು.

ಹೊಸ ಟಿ.ವಿ.ಯಲ್ಲಿ ಹಾಕಿದೆವು. ಅಪ್ಪನ ಮುಖ ಅಂಬಲಿ ಕದಡಿದ ಹಾಗಿತ್ತು. ಆ ಕ್ಯಾಸೆಟ್ಟುಗಳಲ್ಲಿ ಅಡ್ಡಕ್ಕೆ ಎಣಿಸಿದರೆ ಸುಮಾರು 240 ಗೆರೆಗಳಷ್ಟೇ ವಿವರ ಉಳಿಯುತ್ತದಂತೆ. ಅಷ್ಟನ್ನು ಎಂಬತ್ತೆರಡು ಲಕ್ಷ ಚುಕ್ಕಿಗೆ ಹಂಚಿದರೆ ಇನ್ನೇನಾದೀತು? ಒಂದು ಸೇರು ಹಿಟ್ಟಿನಲ್ಲಿ ಊರಿಗೆಲ್ಲ ರೊಟ್ಟಿ ಬಡಿದಂತೆ.

ಇಲ್ಲಿ ನನಗೆ 'ಘಟಶ್ರಾದ್ಧ' ನೆನಪಾಗುತ್ತದೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರ. ಅದನ್ನು ಈಚೆಗೆ 4ಕೆಗೆ ಪುನರುಜ್ಜೀವಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನನ್ನ ಮದುವೆಗಿಂತ ಹದಿನಾಲ್ಕು ವರ್ಷ ಹಳೆಯದು, ಆದರೂ ಅದು ಸಾಧ್ಯವಾಯಿತು. ಏಕೆಂದರೆ ಸಿನಿಮಾದ ರೀಲಿನ ಬೆಳ್ಳಿಯ ಕಣಗಳಲ್ಲಿ ಅಷ್ಟು ವಿವರ ಮೊದಲೇ ಅಡಗಿತ್ತು, ಮತ್ತು ಮೂಲ ನೆಗೆಟಿವನ್ನು ಯಾರೋ ಜೋಪಾನ ಮಾಡಿದ್ದರು. ಪರದೆ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ.

ಆದರೆ ಈಗಿನ ಯಂತ್ರಗಳು ಹುಟ್ಟಿಸುತ್ತವೆ! ಮಗ ಸುಮ್ಮನಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾವುದೋ ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಆ ನಗುವ ತುಣುಕನ್ನು ಕೊಟ್ಟು ರಾತ್ರಿಯೆಲ್ಲ ಓಡಿಸಿದ. ಬೆಳಿಗ್ಗೆ ನನ್ನ ಅವ್ವನನ್ನು ಕೂಡ್ರಿಸಿ, "ಆಯಿ, ಮುತ್ಯಾನ್ನ ನೋಡು ಹೆಂಗ ಮಾಡೀನಿ" ಎಂದ. ಮುಖ ಕನ್ನಡಿಯ ಹಾಗೆ ಸ್ವಚ್ಛ. ಹುಬ್ಬಿನ ಒಂದೊಂದು ಕೂದಲೂ ಬೇರೆ.

ಅವ್ವ ಬಹಳ ಹೊತ್ತು ನೋಡಿದಳು. "ಇಂವ ಯಾರಪಾ?" ಎಂದಳು.

ಕಣ್ಣಿನ ದೋಷ ಎಂದುಕೊಂಡು ನಾನು ಹತ್ತಿರ ಹೋದೆ. ಅಪ್ಪನ ಕೆನ್ನೆಯಲ್ಲಿ ಸಿಡುಬಿನ ಕಲೆಗಳಿದ್ದವು. ಯಂತ್ರ ಅವನ್ನು ಮಸುಕೆಂದು ತಿಳಿದು ಸವರಿಬಿಟ್ಟಿತ್ತು. ಮುಂದಿನ ಒಂದು ಹಲ್ಲು ಎತ್ತು ಹಾಯ್ದು ಮುರಿದಿತ್ತು; ಅಲ್ಲೀಗ ಬೆಳ್ಳನೆಯ ಹೊಸ ಹಲ್ಲು. ಸಾವಿರಾರು ಮುಖ ನೋಡಿ ಕಲಿತ ಯಂತ್ರ, ಮುಖವೆಂದರೆ ಹೀಗಿರಬೇಕು ಎಂದು ಊಹಿಸಿ ತುಂಬುತ್ತದೆ. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗ ಅಂದಾಜಿನಿಂದ ಪುಟ ತುಂಬಿದ ಹಾಗೆ. ಅಂಥ ಉತ್ತರಕ್ಕೆ ನಾನು ಮೂವತ್ತು ವರ್ಷದಿಂದ ಸೊನ್ನೆ ಹಾಕುತ್ತ ಬಂದವಳು.

ಮುಂದೇನು ಬರುತ್ತದೆಂದು ಮಗನನ್ನು ಕೇಳಿದೆ. 8ಕೆಯಂತೆ, ಮೂರು ಕೋಟಿ ಮೂವತ್ತು ಲಕ್ಷ ಚುಕ್ಕಿ. ಜಪಾನಿನ ಎನ್.ಎಚ್.ಕೆ. 2018ರ ಡಿಸೆಂಬರಿನಿಂದಲೇ ಅದನ್ನು ಬಿತ್ತರಿಸುತ್ತಿದೆ. ಬರಲಿ. ನಮ್ಮಲ್ಲಿ ನೆಟ್ ಸಣ್ಣಗಾದರೆ 4ಕೆ ಚಿತ್ರವೂ ತಾನಾಗಿ ಮಸುಕಾಗುತ್ತದೆ. ಅಲ್ಲದೆ 55 ಇಂಚಿನ ಪರದೆಯಿಂದ ಏಳೆಂಟು ಅಡಿಯಾಚೆ ಕೂತರೆ ಒಳ್ಳೆಯ ಕಣ್ಣಿಗೂ ಎಚ್‌ಡಿಗೂ 4ಕೆಗೂ ವ್ಯತ್ಯಾಸ ತಿಳಿಯುವುದು ಕಷ್ಟ. ನಮ್ಮ ಪಡಸಾಲೆ ಹದಿನಾಲ್ಕು ಅಡಿ. ನನಗೆ ಚಿಂತೆ ಚುಕ್ಕಿಗಳದಲ್ಲ. ಇಂದು ಮದುವೆಗಳನ್ನು 4ಕೆಯಲ್ಲೇ ತೆಗೆಯುತ್ತಾರೆ. ತೆಗೆದದ್ದನ್ನು ಮೊಬೈಲಿನಲ್ಲಿ ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತಾರೆ, ಮೂಲವನ್ನು ಜಾಗ ಸಾಲದೆಂದು ಅಳಿಸುತ್ತಾರೆ. ಮುಂದೆ ಅವರ ಮಕ್ಕಳು ಯಂತ್ರಕ್ಕೆ ಹಲ್ಲು ಕಟ್ಟಲು ಹೇಳಬೇಕಾದೀತು.

ಮಗನಿಗೆ ಹೇಳಿ ಪೆನ್‌ಡ್ರೈವಿನ ಮೊದಲಿನ ಚಿತ್ರವನ್ನೇ ಹಾಕಿಸಿದೆ. ಅವ್ವ ಎದ್ದು ಕುರ್ಚಿ ಎಳೆದುಕೊಂಡು ಹಿಂದೆ ಹಿಂದೆ ಹೋಗಿ ಅಡಿಗೆ ಮನೆಯ ಬಾಗಿಲ ಗೋಡೆಗೆ ಒರಗಿ ಕೂತಳು. ಅಪ್ಪ ಅಕ್ಷತೆ ಹಾಕಿ ಈ ಕಡೆ ತಿರುಗಿದ.

"ಹಾಂ, ಈಗ ಕಾಣತಾನ ನೋಡು" ಎಂದಳು.