ಕೆಜಿಎಫ್ ಗಣಿಯಲ್ಲಿ ಸಿಕ್ಕಿದ 'ಕಂಪನಿ ನಾಣ್ಯ'ಕ್ಕೆ ಕೋಟಿ ರೂಪಾಯಿ ಬೆಲೆಯೇ?

"ಕೆಜಿಎಫ್ ಗಣಿಯಲ್ಲಿ ಸಿಕ್ಕಿದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ. 1616ನೇ ಇಸವಿಯದು. ಅಕ್ಕಿ ಎಳೆಯುತ್ತೆ. ವಿದೇಶದಲ್ಲಿ ಕೋಟಿ ಬೆಲೆ." ಜೊತೆಗೊಂದು ಫೋಟೊ: ಒಂದು ಬದಿಯಲ್ಲಿ ರಾಮ, ಸೀತೆ, ಹನುಮಂತ, ಇನ್ನೊಂದು ಬದಿಯಲ್ಲಿ 'ಯುಕೆಎಲ್ ಒನ್ ಆಣಾ' ಎಂಬ ಇಂಗ್ಲಿಷ್ ಬರಹ. ಇಂಥ ಫಾರ್ವರ್ಡ್ ನಿಮಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಮೊದಲು ಇಸವಿ ನೋಡೋಣ. 1616ರಲ್ಲಿ ಕಂಪನಿಯವರು ಸೂರತ್‌ನಂಥ ಕಡೆ ಕೋಠಿ ಇಟ್ಟುಕೊಂಡ ವ್ಯಾಪಾರಿಗಳು, ಅಷ್ಟೇ. ಮದ್ರಾಸಿನಲ್ಲಿ ಅವರಿಗೆ ಜಾಗ ಸಿಕ್ಕಿದ್ದೇ 1639ರಲ್ಲಿ. 'ಯುನೈಟೆಡ್ ಕಿಂಗ್‌ಡಮ್' ಎಂಬ ಹೆಸರು ಅಧಿಕೃತವಾಗಿದ್ದು 1801ರಲ್ಲಿ. 1717, 1818 ಎಂದು ಬರೆದ ಇದೇ ಬಗೆಯ ಬಿಲ್ಲೆಗಳೂ ಓಡಾಡುತ್ತಿವೆ. ಕಂಪನಿ ಆಡಳಿತವಿದ್ದ ಕಡೆಗೆಲ್ಲ ಒಂದೇ ನಮೂನೆಯ ನಾಣ್ಯ ಬಂದಿದ್ದು 1835ರಲ್ಲಿ. ಆಗಿನ ತಾಮ್ರದ ನಾಣ್ಯಗಳೆಂದರೆ ಅರ್ಧ ಆಣೆ, ಕಾಲಾಣೆ ಮತ್ತು ಆಣೆಯ ಹನ್ನೆರಡನೇ ಒಂದು ಭಾಗ. ಅವುಗಳ ಮೇಲೆ ಇರುವುದು ಕಂಪನಿಯ ಲಾಂಛನ, ರಾಮನ ಪಟ್ಟಾಭಿಷೇಕವಲ್ಲ. ಒಂದಾಣೆಯ ನಿಕ್ಕಲ್ ಮಿಶ್ರಿತ ನಾಣ್ಯ ಚಲಾವಣೆಗೆ ಬಂದಾಗ ಕಂಪನಿ ಮುಗಿದುಹೋಗಿ, ಏಳನೇ ಎಡ್ವರ್ಡ್ ರಾಜನಾಗಿದ್ದ.

ಹಾಗೆಂದು ದೇವರ ಚಿತ್ರವಿದ್ದ ಮಾತ್ರಕ್ಕೆ ನಕಲಿ ಎನ್ನಲಾಗದು. ಮದ್ರಾಸಿನಲ್ಲಿ ಕಂಪನಿಯೇ ಟಂಕಿಸಿದ ಚಿನ್ನದ ವರಹಗಳ ಮೇಲೆ ವಿಷ್ಣು ಇದ್ದಾನೆ. ನಮ್ಮ ಮೈಸೂರಿನಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳ ಮೇಲೆ ಆನೆ, ಸಿಂಹ ಕಾಣಬಹುದು. ಚಿತ್ರ, ಇಸವಿ, ಬೆಲೆಯ ಹೆಸರು, ಈ ಮೂರೂ ಒಂದಕ್ಕೊಂದು ಹೊಂದಬೇಕು. ಹಸಿರು ಕಿಲುಬು ಪುರಾವೆಯಲ್ಲ. ಹೊಸ ಹಿತ್ತಾಳೆಗೂ ರಾಸಾಯನಿಕ ಹಾಕಿ ಕೆಲವೇ ದಿನಗಳಲ್ಲಿ ಕಿಲುಬು ಬರಿಸುತ್ತಾರೆ.

ಈಗ 'ಗಣಿಯಲ್ಲಿ ಸಿಕ್ಕಿತು' ಎಂಬ ಮಾತು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಚಿನ್ನದ ಸುದ್ದಿ ಹಿಡಿದು ಹುಡುಕಾಡಿದ್ದು ನಿಜ. ಆದರೆ ಜಾನ್ ಟೇಲರ್ ಅಂಡ್ ಸನ್ಸ್ ಕೆಜಿಎಫ್‌ಗೆ ಬಂದದ್ದು 1880ರಲ್ಲಿ. ಕಂಪನಿ ಆಳ್ವಿಕೆ 1858ಕ್ಕೇ ಮುಗಿದಿತ್ತು. ಬಂಗಾರಪೇಟೆಯ ಹಳೆಯ ಹೆಸರಾದ ಬೌರಿಂಗ್‌ಪೇಟೆ ಕೂಡ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನಿಂದ ಬಂದದ್ದು. ಇಲ್ಲಿನ ಬಂಗಲೆ, ಕ್ಲಬ್ಬು, ಶಾಫ್ಟುಗಳೆಲ್ಲ ರಾಣಿಯ ಕಾಲದವು ಅಥವಾ ಆಮೇಲಿನವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮುಚ್ಚಿದ ಗಣಿಯ ಕಥೆಯನ್ನು ಯಾರೂ ಒಳಗಿಳಿದು ಪರೀಕ್ಷಿಸಲಾರರು, ಮಾರುವವರಿಗೆ ಅದೇ ಅನುಕೂಲ.

ಅಕ್ಕಿ ಎಳೆಯುವುದಂತೂ ಶುದ್ಧ ಕೈಚಳಕ. ತಾಮ್ರವಾಗಲಿ ಇರಿಡಿಯಮ್ ಆಗಲಿ ಅಕ್ಕಿಯನ್ನು ಸೆಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಬಿಲ್ಲೆಯ ಹಿಂದೆ ಅಯಸ್ಕಾಂತ ಬಚ್ಚಿಟ್ಟರೆ ಸಾಕು. ಇರಿಡಿಯಮ್ ಎಂಬ ಲೋಹವನ್ನು ಗುರುತಿಸಿದ್ದೇ 1803ರಲ್ಲಿ. ಅದು ಕರಗಲು ಸುಮಾರು 2446 ಡಿಗ್ರಿ ಸೆಲ್ಸಿಯಸ್ ಬೇಕು. ತಾಮ್ರಕ್ಕೆ 1085 ಸಾಕು. 1616ರ ಯಾವ ಕುಲುಮೆಯೂ ಅಷ್ಟು ಕಾಯುತ್ತಿರಲಿಲ್ಲ.

ಈ ಮೋಸದಲ್ಲಿ ಹಣ ಹೋಗುವುದು ನಾಣ್ಯಕ್ಕೆ ಮಾತ್ರವಲ್ಲ. "ವಿಜ್ಞಾನಿ ಬಂದು ಟೆಸ್ಟ್ ಮಾಡಬೇಕು, ಫೀಸ್ ಕಟ್ಟಿ" ಎನ್ನುತ್ತಾರೆ. ಆಮೇಲೆ ಸರ್ಟಿಫಿಕೇಟು, ಕಮಿಷನ್ನು, ತೆರಿಗೆ. ನಿವೃತ್ತಿಯ ಹಣ ಕಂತಿನಲ್ಲಿ ಕರಗುತ್ತದೆ. ರಿಸರ್ವ್ ಬ್ಯಾಂಕ್ ಹೆಸರು ಹೇಳುವವರೂ ಇದ್ದಾರೆ. ತಾನು ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಅದು 2021ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. 'ವಿದೇಶಿ ಪಾರ್ಟಿ' ಮಾತೂ ನಿಲ್ಲದು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ 1835ರ ಕಾಲಾಣೆ ಸಿಕ್ಕರೆ ಅದು ಅಸಲಿಯೇ ಇರಬಹುದು, ಆದರೆ ಅಪರೂಪದ್ದಲ್ಲ. ನೆಲ ಅಗೆಯುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೆಂದೇ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಿದೆ. ಅನುಮಾನವಿದ್ದರೆ ಎರಡೂ ಬದಿಯ, ಅಂಚಿನ ಫೋಟೊ ತೆಗೆದು, ತೂಕ ಬರೆದುಕೊಂಡು ವಸ್ತುಸಂಗ್ರಹಾಲಯದವರಿಗೆ ತೋರಿಸಿ. ಅಲ್ಲಿಯವರೆಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಾಣ್ಯ ಅಸಲಿಯಾಗಿದ್ದರೆ, ಹೊಳಪಿನ ಜೊತೆ ಅದರ ಬೆಲೆಯೂ ತೊಳೆದುಹೋಗುತ್ತದೆ.