ಬೆಂಗಳೂರಿನ ಹೊರವಲಯದ ದುಡಿಯುವ ಕುಟುಂಬಗಳ ಉಳಿತಾಯ ಪದ್ಧತಿಗಳು

ಬೆಂಗಳೂರಿನ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮನಹಳ್ಳಿ ಮತ್ತು ವೈಟ್‌ಫೀಲ್ಡ್ ಪ್ರದೇಶಗಳಲ್ಲಿ ತಿಂಗಳ ಸಂಬಳವನ್ನು ಅವಲಂಬಿಸಿದ ಕುಟುಂಬಗಳು ಹಣ ಕೂಡಿಡಲು ಮತ್ತು ಸಾಲದಿಂದ ದೂರವಿರಲು ಹಲವು ಮಾರ್ಗಗಳನ್ನು ಬಳಸುತ್ತವೆ. ಚೀಟಿ, ಭವಿಷ್ಯ ನಿಧಿ, ಅಂಚೆ ಕಚೇರಿಯ ಆವರ್ತ ಠೇವಣಿ ಹಾಗೂ ಚಿನ್ನ ಇವುಗಳಲ್ಲಿ ಮುಖ್ಯವಾದವು. ಈ ಕುಟುಂಬಗಳಿಗೆ ಬಡ್ಡಿಯ ದರಕ್ಕಿಂತಲೂ ಅಗತ್ಯ ಬಿದ್ದ ದಿನ ಹಣ ಕೈಗೆ ಸಿಗುವುದೇ ಹೆಚ್ಚು ಮುಖ್ಯ. 2016ರ ಭವಿಷ್ಯ ನಿಧಿ ಪ್ರತಿಭಟನೆ ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಹಿನ್ನೆಲೆ

ಎಲೆಕ್ಟ್ರಾನಿಕ್ ಸಿಟಿಯನ್ನು ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಸುಮಾರು 332 ಎಕರೆ ಜಮೀನಿನಲ್ಲಿ ರೂಪಿಸಿತು. ಪೀಣ್ಯದಲ್ಲಿ ಸಣ್ಣ ಯಂತ್ರಭಾಗಗಳ ಕಾರ್ಖಾನೆಗಳು ಮತ್ತು ಸಿದ್ಧ ಉಡುಪು ಘಟಕಗಳು ಬೆಳೆದವು. ವೈಟ್‌ಫೀಲ್ಡ್ 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನದ ಕೇಂದ್ರವಾಯಿತು. ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ರಾಜ್ಯದ ಹಳ್ಳಿಗಳಿಂದ ಮತ್ತು ಒಡಿಶಾ, ಜಾರ್ಖಂಡ್‌ನಂತಹ ರಾಜ್ಯಗಳಿಂದ ಬಂದವರೂ ಇವರಲ್ಲಿದ್ದಾರೆ. ಸಂಬಳ ಬಂದ ವಾರದಲ್ಲಿಯೇ ಬಾಡಿಗೆ, ಊರಿಗೆ ಕಳುಹಿಸುವ ಹಣ ಮತ್ತು ಅಂಗಡಿಯ ಲೆಕ್ಕ ಮೂರೂ ತೀರಬೇಕಾಗುತ್ತದೆ.

ಮನೆಯ ಅಡ್ವಾನ್ಸ್

ನಗರಕ್ಕೆ ಬರುವ ಕುಟುಂಬದ ಮೊದಲ ಸಾಲಕ್ಕೆ ಬಹುತೇಕ ಮನೆಯ ಅಡ್ವಾನ್ಸೇ ಕಾರಣವಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. 8,000 ರೂಪಾಯಿ ಬಾಡಿಗೆಯ ಮನೆಗೆ ಇದು 80,000 ರೂಪಾಯಿಯಾಗುತ್ತದೆ. ಈ ಹಣಕ್ಕೆ ಬಡ್ಡಿ ಇಲ್ಲ. ಮನೆ ಬಿಡುವಾಗ ಸುಣ್ಣ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ವಾಡಿಕೆ. ಕೇಂದ್ರ ಸಚಿವ ಸಂಪುಟವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸುತ್ತದೆಯಾದರೂ ಅದು ರಾಜ್ಯಗಳಿಗೆ ಮಾದರಿ ಮಾತ್ರ. ಒಟ್ಟಿಗೆ ಕೆಲವು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವ ಭೋಗ್ಯ ಪದ್ಧತಿಯೂ ಇದೆ. ಮಾಲೀಕರು ಮನೆಯನ್ನು ಈಗಾಗಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಇದರಲ್ಲಿ ಇಡೀ ಗಂಟು ಅಪಾಯಕ್ಕೆ ಸಿಲುಕುತ್ತದೆ.

ಚೀಟಿ

ಚೀಟಿಯು ಉಳಿತಾಯವೂ ಹೌದು, ಸಾಲವೂ ಹೌದು. ಉದಾಹರಣೆಗೆ, 20 ಸದಸ್ಯರು ತಿಂಗಳಿಗೆ 2,000 ರೂಪಾಯಿಯಂತೆ 20 ತಿಂಗಳು ಕಟ್ಟುವ ಚೀಟಿಯ ಮೊತ್ತ 40,000 ರೂಪಾಯಿ. ಪ್ರತಿ ತಿಂಗಳು ಹಣದ ತುರ್ತು ಇರುವವರು ಚೀಟಿ ಕೂಗುತ್ತಾರೆ. ಒಬ್ಬರು 10,000 ರೂಪಾಯಿ ಬಿಟ್ಟುಕೊಡಲು ಒಪ್ಪಿದರೆ ಅವರ ಕೈಗೆ 30,000 ಸಿಗುತ್ತದೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ ಶೇಕಡ 5ರಂತೆ 2,000 ಕಳೆದು, ಉಳಿದ 8,000 ಎಲ್ಲರಿಗೂ ಹಂಚಿಹೋಗುತ್ತದೆ. ಹೀಗಾಗಿ ಆ ತಿಂಗಳು ಪ್ರತಿಯೊಬ್ಬರೂ 1,600 ರೂಪಾಯಿ ಕಟ್ಟಿದರೆ ಸಾಕು. ಮೊದಲ ತಿಂಗಳುಗಳಲ್ಲಿ ಚೀಟಿ ಎತ್ತಿದವರು ವಾಸ್ತವದಲ್ಲಿ ಸಾಲಗಾರರು; ಕೊನೆಯವರೆಗೆ ಕಾದವರು ಉಳಿತಾಯಗಾರರು. ಅಡ್ವಾನ್ಸ್, ಶಾಲೆಯ ಶುಲ್ಕ, ತಂಗಿಯ ಮದುವೆ ಇವುಗಳಿಗೆ ಗಂಟು ಹಣ ಒದಗಿಸುವುದರಿಂದಲೂ, ಪ್ರತಿ ತಿಂಗಳು ಕಟ್ಟಲೇಬೇಕೆಂಬ ನೆರೆಹೊರೆಯ ಒತ್ತಡವಿರುವುದರಿಂದಲೂ ಚೀಟಿಯು ಬ್ಯಾಂಕ್ ಖಾತೆಗಳು ಮನೆಮನೆಗೆ ಬಂದ ನಂತರವೂ ಉಳಿದುಕೊಂಡಿದೆ.

ಯುಗಾದಿಯ ಹೊಸತೊಡಕಿನ ಮಾಂಸಕ್ಕೆ, ದೀಪಾವಳಿಯ ಪಟಾಕಿಗೆ ವರ್ಷವಿಡೀ ಸಣ್ಣ ಮೊತ್ತ ಕಟ್ಟುವ ಹಬ್ಬದ ಚೀಟಿಗಳು ಬೇರೆ ಬಗೆಯವು. ಇವುಗಳಲ್ಲಿ ಕೂಗುವುದಿಲ್ಲ; ಹಬ್ಬದ ಮುಂಚೆ ಸಾಮಾನು ಅಥವಾ ಹಣ ದೊರೆಯುತ್ತದೆ.

ಚೀಟಿ ವ್ಯವಹಾರವನ್ನು 1982ರ ಚೀಟಿ ನಿಧಿ ಕಾಯ್ದೆ ನಿಯಂತ್ರಿಸುತ್ತದೆ. 2019ರ ತಿದ್ದುಪಡಿಯು ನಡೆಸುವವರ ಕಮಿಷನ್ ಮಿತಿಯನ್ನು ಶೇ. 5ರಿಂದ 7ಕ್ಕೆ, ವ್ಯಕ್ತಿಯೊಬ್ಬರು ನಡೆಸಬಹುದಾದ ಚೀಟಿಯ ಮಿತಿಯನ್ನು 1 ಲಕ್ಷದಿಂದ 3 ಲಕ್ಷ ರೂಪಾಯಿಗೆ ಏರಿಸಿತು. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಆದರೆ ಬಡಾವಣೆಗಳಲ್ಲಿ ನಂಬಿಕೆಯ ಮೇಲೆ ನಡೆಯುವ ಅನೇಕ ಚೀಟಿಗಳು ನೋಂದಣಿಯಾಗಿರುವುದಿಲ್ಲ. ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ಕೈಬರಹದ ಪುಸ್ತಕವೊಂದೇ ಸದಸ್ಯರ ಬಳಿ ಉಳಿಯುವ ಪುರಾವೆ. ಚೀಟಿ ನಿಬಂಧಕರಲ್ಲಿ ನೋಂದಣಿಯಾಗಿದೆಯೇ ಎಂದು ಸೇರುವ ಮೊದಲೇ ವಿಚಾರಿಸುವುದು, ಕಟ್ಟಿದ ಪ್ರತಿ ಕಂತಿಗೂ ರಸೀದಿ ಪಡೆಯುವುದು ಇದಕ್ಕಿರುವ ಮುಖ್ಯ ರಕ್ಷಣೆ.

ಭವಿಷ್ಯ ನಿಧಿ ಮತ್ತು 2016ರ ಪ್ರತಿಭಟನೆ

ಭವಿಷ್ಯ ನಿಧಿಗೆ ಕಾರ್ಮಿಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಪಾಲು ಕಟ್ಟುತ್ತಾರೆ. ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. ಕಾಯ್ದೆಯ ದೃಷ್ಟಿಯಲ್ಲಿ ಇದು ನಿವೃತ್ತಿಯ ಹಣ. ಉಡುಪು ಕಾರ್ಮಿಕರ ದೃಷ್ಟಿಯಲ್ಲಿ ಇದು ಕೆಲಸ ಬಿಟ್ಟು ಎರಡು ತಿಂಗಳ ನಂತರ ಪೂರ್ಣವಾಗಿ ತೆಗೆದು ಹಳೆಯ ಸಾಲ ತೀರಿಸಬಹುದಾದ, ಮಗಳ ಮದುವೆ ಮಾಡಬಹುದಾದ ಗಂಟು. ಐವತ್ತೆಂಟನೆಯ ವಯಸ್ಸಿನವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ನಿರೀಕ್ಷೆ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ.

ಕೇಂದ್ರ ಸರ್ಕಾರವು 2016ರ ಫೆಬ್ರವರಿ 10ರ ಅಧಿಸೂಚನೆಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ಮೊದಲು ಹಿಂಪಡೆಯುವಂತಿಲ್ಲವೆಂದಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಸುತ್ತಲಿನ ಸಾವಿರಾರು ಉಡುಪು ಕಾರ್ಮಿಕರು, ಮುಖ್ಯವಾಗಿ ಮಹಿಳೆಯರು, ಹೊಸೂರು ರಸ್ತೆಗೆ ಇಳಿದರು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್ ಮತ್ತು ತುಮಕೂರು ರಸ್ತೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿದ್ದಿತು, ಪೊಲೀಸರು ಲಾಠಿ ಪ್ರಹಾರ ನಡೆಸಿದರು. ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಏಪ್ರಿಲ್ 19ರಂದೇ ಅಧಿಸೂಚನೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿದರು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಭವಿಷ್ಯ ನಿಧಿ ಸಂಸ್ಥೆಯ ಕೇಂದ್ರ ಧರ್ಮದರ್ಶಿ ಮಂಡಳಿಯು 2025ರ ಅಕ್ಟೋಬರ್‌ನಲ್ಲಿ ಭಾಗಶಃ ಹಿಂಪಡೆಯುವಿಕೆಯನ್ನು ಸರಳಗೊಳಿಸಿದರೂ, ಶೇ. 25ರಷ್ಟನ್ನು ಖಾತೆಯಲ್ಲಿ ಉಳಿಸಬೇಕೆಂದೂ, ನಿರುದ್ಯೋಗಿಗಳು ಪೂರ್ಣ ಮೊತ್ತಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕೆಂದೂ ತೀರ್ಮಾನಿಸಿತು.

ದಿನದ ಖರ್ಚು

2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಒದಗಿಸಿದವು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಇದು ಕರ್ನಾಟಕದ ನಿವಾಸಿಗಳಿಗೆ ಮಾತ್ರ ಅನ್ವಯಿಸುವುದರಿಂದ, ರಾಜ್ಯದ ವಿಳಾಸದ ದಾಖಲೆಯಿಲ್ಲದ ವಲಸೆ ಮಹಿಳೆಯರು ಅದೇ ಬಸ್ಸಿನಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ.

ಬಡ್ಡಿಯ ಲೆಕ್ಕ ಮತ್ತು ಕಾನೂನು

ಕೈಸಾಲದ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಹೇಳುವುದು ರೂಢಿ. 'ಮೂರು ರೂಪಾಯಿ ಬಡ್ಡಿ' ಎಂಬ ಮಾತು ಚಿಕ್ಕದಾಗಿ ಕೇಳಿದರೂ ವರ್ಷಕ್ಕೆ ಅದು ಶೇ. 36 ಆಗುತ್ತದೆ. ವೈಟ್‌ಫೀಲ್ಡ್‌ನ ತಂತ್ರಜ್ಞರು ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಬಾಕಿಯನ್ನು ಮುಂದೂಡಿದಾಗ ತೆರುವ ಬಡ್ಡಿಯೂ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ಸಂಬಳದ ಅಂತರ ಬಡ್ಡಿಯಲ್ಲಿ ಕಾಣುವುದಿಲ್ಲ.

ಮಹಿಳೆಯರ ಗುಂಪುಗಳಿಗೆ ಕೊಡುವ, 'ಸಂಘದ ಸಾಲ' ಎಂದು ಕರೆಯಲಾಗುವ ಕಿರುಸಾಲಕ್ಕೆ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಏಕರೂಪದ ನಿಯಮಗಳನ್ನು ತಂದಿತು. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಿಂದ ಸಾಲ ತರುವ ಕುಟುಂಬಗಳಲ್ಲಿ ಈ ಅರ್ಧದ ಮಿತಿ ಮೊದಲೇ ಮುರಿದಿರುತ್ತದೆ.

ವಸೂಲಿ ಕಿರುಕುಳದ ದೂರುಗಳು ಹೆಚ್ಚಿದಾಗ ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಇದರಲ್ಲಿ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಅತಿಯಾದ ಬಡ್ಡಿ ವಿಧಿಸುವುದನ್ನು ನಿಷೇಧಿಸುವ 2004ರ ರಾಜ್ಯ ಕಾಯ್ದೆ ಮೀಟರ್ ಬಡ್ಡಿ ವ್ಯವಹಾರಕ್ಕೂ ಅನ್ವಯಿಸುತ್ತದೆ.