ಮೈಲುತುತ್ತ ಕಲಸುವ ಕೈ, ಉತ್ತರಪತ್ರಿಕೆಯ ನಂಬರು

ಮಲ್ಲಂದೂರಿನ ಸುತ್ತಿನ ಕಾಫಿ ಸೀಮೆಯಲ್ಲಿ ಮುಂಗಾರಿಗೆ ಮುಂಚೆ ಔಷಧಿ ಹೊಡೆಯುವ ಕೆಲಸ ಶುರುವಾಗುತ್ತದೆ. 200 ಲೀಟರ್ ಹಿಡಿಯುವ ಡ್ರಮ್ಮು. 1 ಕೆಜಿ ಮೈಲುತುತ್ತವನ್ನು ಬೇರೆ ಕರಗಿಸಬೇಕು, 1 ಕೆಜಿ ಸುಣ್ಣವನ್ನು ಬೇರೆ ಕದಡಬೇಕು, ಸೋಸಿ ಎರಡನ್ನೂ ಕೂಡಿಸಬೇಕು. ಕಬ್ಬಿಣದ ಪಾತ್ರೆ ಆಗದು, ತಿಂದು ಹಾಕುತ್ತೆ. ಕೂಡಿಸಿದ ಮೇಲೆ ಚೆನ್ನಾಗಿ ಉಜ್ಜಿದ ಚಾಕುವೊಂದನ್ನು ಅದರಲ್ಲಿ ಅದ್ದಿ ಒಂದೆರಡು ನಿಮಿಷ ಬಿಡುತ್ತಾರೆ. ಅಲಗಿನ ಮೇಲೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಹತ್ತದಿದ್ದರೆ ಹೊಡೀಬಹುದು. ಇಲ್ಲಾಂದ್ರೆ ಎಲೆ ಸುಡುತ್ತೆ.

ಆ ಕೆಂಪು ಏನು? ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಚುರುಕಿನ ಲೋಹ. ದ್ರಾವಣದಲ್ಲಿದ್ದ ತಾಮ್ರವನ್ನು ಹೊರಕ್ಕೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಇದೇ ಪಾಠವಿದೆ: ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ, ನೀಲಿ ಬಣ್ಣ ಮಾಸಿ ತಿಳಿಹಸಿರು, ಅದಕ್ಕೆ ಸ್ಥಾನಪಲ್ಲಟ ಕ್ರಿಯೆ ಅಂತ ಹೆಸರು. ಲೈನ್ ಮನೆಯ ಹುಡುಗ ಮೈಲುತುತ್ತ ನೋಡಿದ್ದಾನೆ, ತಾಮ್ರದ ಸಲ್ಫೇಟ್ ನೋಡಿಲ್ಲ. ಎರಡೂ ಒಂದೇ ಅಂತ ಅವನಿಗೆ ಹೇಳಿದವರು ಯಾರು? ಹೇಳದಿದ್ದ ತಪ್ಪಿಗೆ ಸೊನ್ನೆ ಬೀಳುವುದು ಯಾರ ಪತ್ರಿಕೆಗೆ?

ಈ ಬೆಟ್ಟಗಳಿಗೆ ವಿಜ್ಞಾನ ತಡವಾಗಿ ಬಂತು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಬೇಗನೇ ಬಂತು. 1869ರಲ್ಲಿ ಸಿಲೋನಿನ ಕಾಫಿಗೆ ಎಲೆತುಕ್ಕು ರೋಗ ಬಿತ್ತು, ಮರುವರ್ಷವೇ ನಮ್ಮ ಕಡೆಗೂ ದಾಟಿತು. 1885ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ಮಿಲ್ಯಾರ್ದೆ ಎಂಬ ಸಸ್ಯಶಾಸ್ತ್ರಜ್ಞ ಮೈಲುತುತ್ತ, ಸುಣ್ಣದ ಮಿಶ್ರಣವನ್ನು ಲೋಕಕ್ಕೆ ತಿಳಿಸಿದ. ಅಲ್ಲಿನ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಅದನ್ನು ಬಳಿಯುತ್ತಿದ್ದದ್ದು ಹಣ್ಣು ಕೀಳುವವರನ್ನು ಹೆದರಿಸೋಕೆ. ಬಳಿದ ಬಳ್ಳಿಗಳಿಗೆ ರೋಗ ತಗಲಿಲ್ಲ ಅನ್ನುವುದನ್ನು ಈತ ಗಮನಿಸಿದ. (ಹಸಿದವನನ್ನು ಓಡಿಸಲು ಹುಟ್ಟಿದ ಔಷಧಿ!) 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೊಡೆಸಿ ಮಲೆನಾಡಿಗೆ ಪರಿಚಯಿಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅಂದರೆ ಗಿಡದ ರೋಗಕ್ಕೆ ಪ್ರಯೋಗಾಲಯ ಬಂತು. ಗಿಡದ ಬುಡ ಕೆತ್ತುವವರ ಮಕ್ಕಳಿಗೆ ಬರಲಿಲ್ಲ.

ಕಾನೂನನ್ನೇ ನೋಡಿ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ 14ನೇ ಕಲಮು ಏನು ಹೇಳಿತ್ತು? ಒಂದು ತೋಟದಲ್ಲಿ ಕಾರ್ಮಿಕರ ಮಕ್ಕಳು, 6ರಿಂದ 12 ವರ್ಷದೊಳಗಿನವರು, 25ಕ್ಕಿಂತ ಹೆಚ್ಚಿದ್ದರೆ ಅವರ ಓದಿಗೆ ಮಾಲೀಕ ವ್ಯವಸ್ಥೆ ಮಾಡಬೇಕೆಂದು ಸರ್ಕಾರ ನಿಯಮ ಮಾಡಬಹುದು. ಹನ್ನೆರಡಕ್ಕೆ ನಿಂತಿತು. ರಸಾಯನ, ಭೌತ ಅಂತ ಪಾಠ ಬೇರೆಬೇರೆಯಾಗಿ ಬಿಚ್ಚಿಕೊಳ್ಳುವುದು ಅದರ ನಂತರವೇ. ಅಕ್ಷರ, ಕೂಡುವುದು, ಕಳೆಯುವುದು ಸಾಕು, ಮಸ್ಟರ್ ರೋಲಿಗೆ ಸಹಿ ಹಾಕಲು ಬಂದರೆ ಆಯಿತು ಅನ್ನುವ ಲೆಕ್ಕ ಅದರೊಳಗೆ ಕೂತಿತ್ತು ಅಂತ ನಮಗನ್ನಿಸುತ್ತದೆ.

ಮೊದಲು ಹೈಸ್ಕೂಲಿನಲ್ಲಿ ಭೌತ, ರಸಾಯನ ಐಚ್ಛಿಕ ವಿಷಯಗಳಾಗಿದ್ದವು. ಆರಿಸಿಕೊಳ್ಳುವವರು ಯಾರು ಅಂತ ಬಿಡಿಸಿ ಹೇಳಬೇಕೆ? 1964-66ರ ಕೊಠಾರಿ ಆಯೋಗ ಹತ್ತು ವರ್ಷದ ಶಾಲೆಯಲ್ಲಿ ವಿಜ್ಞಾನ, ಗಣಿತ ಎಲ್ಲರಿಗೂ ಕಡ್ಡಾಯವಾಗಲಿ ಎಂದಿತು. ನಮ್ಮ ಜನಕ್ಕೆ ಅದು ದೊಡ್ಡ ಮಾತು, ನಾವು ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಪಠ್ಯ ಕಡ್ಡಾಯವಾದಷ್ಟು ಬೇಗ ಪ್ರನಾಳ, ಬೀಕರು ಕಡ್ಡಾಯವಾಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಬರೆಯುವ ಪರೀಕ್ಷೆಯಾಯಿತು. ಮೇಷ್ಟ್ರು ಬೋರ್ಡಿನ ಮೇಲೆ ಬೀಕರು ಬರೆದರು, ಮಕ್ಕಳು ನೋಟ್ಸಿನಲ್ಲಿ ಬೀಕರು ಬರೆದರು, ಪರೀಕ್ಷೆಯಲ್ಲಿ ಮತ್ತೊಂದು ಸಲ ಬರೆದರು. ಎಷ್ಟೋ ಕಡೆ ಗಾಜಿನ ಸಾಮಾನು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತು, ಒಡೆದರೆ ಲೆಕ್ಕ ಕೊಡೋರು ಯಾರು ಅಂತ. ವಿಜ್ಞಾನದ ಮೊದಲ ಪಾಠ ಮುಟ್ಟುವುದು. ಅಂಬೇಡ್ಕರ್ ಬಾಂಬೆಯ ಶಾಲೆಯಲ್ಲಿ ಬೋರ್ಡಿನ ಹತ್ತಿರ ಲೆಕ್ಕ ಬಿಡಿಸಲು ಎದ್ದಾಗ ಮೇಲುಜಾತಿಯ ಹುಡುಗರು ಬೋರ್ಡಿನ ಹಿಂದಿದ್ದ ಬುತ್ತಿ ಡಬ್ಬಿ ಎತ್ತಿಕೊಂಡು ಓಡಿದರಂತೆ. ಮುಟ್ಟಬೇಡ ಅಂತ ಕೇಳಿ ಕೇಳಿ ಬೆಳೆದ ಮಕ್ಕಳಿಗೆ ಬೀಗ ಹಾಕಿದ ಬೀರು ಹೊಸದೇನನ್ನೂ ಕಲಿಸುವುದಿಲ್ಲ.

ಉಪಕರಣ ಇಲ್ಲದಿದ್ದರೆ ಏನು ಮಾಡೋದು ಅಂತ ಕೇಳುವ ಮೇಷ್ಟ್ರುಗಳು ಪ್ರಾಮಾಣಿಕರೇ. ಎರಡನೇ ಮಹಾಯುದ್ಧದಲ್ಲಿ ಶಾಲೆಗಳೇ ನೆಲಸಮವಾದ ದೇಶಗಳ ವಿಜ್ಞಾನ ಶಿಕ್ಷಕರಿಗೆಂದು ಸ್ಟೀಫನ್‌ಸನ್ ಎಂಬವರು ಬರೆದದ್ದನ್ನು ಯುನೆಸ್ಕೋ 1948ರಲ್ಲಿ ಹೊರತಂದಿತು. ಡಬ್ಬಿ, ಬಾಟಲಿ, ತಂತಿಗಳಲ್ಲೇ ಪ್ರಯೋಗ ಕಟ್ಟುವ ದಾರಿ. 1956ರಲ್ಲಿ ಅದು ದೊಡ್ಡ ಆಕರ ಗ್ರಂಥವಾಯಿತು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಅಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಗುಂಪುಗೂಡಿ ಪ್ರಯೋಗ ಮಾಡಿ, ಕಂಡದ್ದನ್ನು ತಾವೇ ಬರೆದಿಡುತ್ತಿದ್ದರು. ಪರೀಕ್ಷೆಯನ್ನೂ ತಿದ್ದಿದರು ಅನ್ನುವುದು ಮುಖ್ಯ. ಪುಸ್ತಕ, ನೋಟ್ಸು ನೋಡಿಕೊಂಡೇ ಬರೆಯಬಹುದಿತ್ತು, ಮಾಡಿ ತೋರಿಸುವ ಪರೀಕ್ಷೆ ಬೇರೆ ಇತ್ತು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು. ಪರೀಕ್ಷೆ ಬದಲಾಗದೆ ಪಾಠ ಬದಲಾಗದು ಅನ್ನುವುದನ್ನು ಆ ಮೂವತ್ತು ವರ್ಷ ತೋರಿಸಿವೆ.

ಕರ್ನಾಟಕದಲ್ಲಿ 2014-15ನೇ ಸಾಲಿನಿಂದ ಹತ್ತನೇ ಕ್ಲಾಸಿಗೆ 80 ಅಂಕ ಬರವಣಿಗೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ ಅಂತಾಯಿತು. ಆ 20 ಎಷ್ಟೋ ಕಡೆ ಮಕ್ಕಳನ್ನು ದಡ ಮುಟ್ಟಿಸುವ ಧರ್ಮದ ನಂಬರಾಗಿದೆ. ಧರ್ಮ ಯಾಕೆ? ಅದು ಮಕ್ಕಳ ಹಕ್ಕು. ಮೇಷ್ಟ್ರ ಕೈಗೆ ಸಿಕ್ಕಿರುವ ಜಾಗವೂ ಹೌದು.

ಕಾಫಿ ಸೀಮೆಯಲ್ಲಿ ಆ ಜಾಗ ತುಂಬಲು ಸಾಮಾನಿಗೆ ಬರವಿಲ್ಲ. ತೋಟದ ಆಫೀಸಿನ ಮುಂದೆ ಮಳೆಮಾಪಕವಿರುತ್ತದೆ. ಮಾರ್ಚ್, ಏಪ್ರಿಲ್‌ನ ಹೂಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ಇಂಚಿನ ನೂರನೇ ಒಂದು ಪಾಲನ್ನು ಕಣ್ಣಳತೆಯಲ್ಲಿ ಓದುವುದು ಹೇಗೆ? ಅಳೆಯುವ ಕೊಳವೆಯ ಬಾಯಿ ಆಲಿಕೆಯ ಬಾಯಿಯ ವಿಸ್ತೀರ್ಣದ ಹತ್ತರಲ್ಲಿ ಒಂದಿದ್ದರೆ ಒಂದು ಇಂಚು ಮಳೆ ಕೊಳವೆಯಲ್ಲಿ ಹತ್ತು ಇಂಚು ನಿಲ್ಲುತ್ತದೆ. ಒಂದು ಬಾಟಲಿ, ಒಂದು ಆಲಿಕೆ, ಒಂದು ಅಳತೆಪಟ್ಟಿ ಕೊಟ್ಟು ಮಕ್ಕಳಿಂದಲೇ ಮಾಡಿಸಿ. ಕೊಯ್ಲಿನ ಕಾಲದಲ್ಲಿ ಪಲ್ಪರ್ ನೀರು ಹುಳಿಯಾಗುತ್ತದೆ. ಅದಕ್ಕೆ ಲಿಟ್ಮಸ್ ಅದ್ದಿ, ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ. ಆಮ್ಲ, ಪ್ರತ್ಯಾಮ್ಲ, ತಟಸ್ಥೀಕರಣ ಮೂರೂ ಅಲ್ಲಿವೆ. ಮೈಲುತುತ್ತ ವಿಷ, ಅದನ್ನು ಕೈಗವಸು ಹಾಕಿಯೇ ಮುಟ್ಟಬೇಕು ಅನ್ನುವುದೂ ರಸಾಯನದ ಪಾಠವೇ. ಹೊಡೆಯುವ ಅಪ್ಪನ ಕೈಗೆ ಗವಸು ಇದೆಯೇ ಅಂತ ಆ ಹುಡುಗ ಮನೆಗೆ ಹೋಗಿ ನೋಡಿಯಾನು.

ಇನ್ನು ತೂಕ. ಹಣ್ಣು ಕೊಯ್ದವರ ಕೂಲಿ ಎಷ್ಟೋ ಕಡೆ ಕಿಲೋ ಲೆಕ್ಕ. ಸ್ಪ್ರಿಂಗ್ ತಕ್ಕಡಿಯ ಸೊನ್ನೆ ದೋಷ ಭೌತಶಾಸ್ತ್ರದಲ್ಲಿ ಅರ್ಧ ಪೀರಿಯಡ್ಡಿನ ಪಾಠ. ಖಾಲಿ ಕೊಕ್ಕೆಯಲ್ಲಿ ಮುಳ್ಳು ಸೊನ್ನೆಗಿಂತ ಅರ್ಧ ಕಿಲೋ ಹಿಂದಿದ್ದರೆ ಪ್ರತಿ ತೂಕಕ್ಕೂ ಅರ್ಧ ಕಿಲೋ ಹೋಯಿತು. ದಿನಕ್ಕೆ ನಾಲ್ಕು ಸಲ ತೂಗಿದರೆ ಎರಡು ಕಿಲೋ, ಮೂವತ್ತು ದಿನಕ್ಕೆ ಅರವತ್ತು. ಈ ಲೆಕ್ಕವನ್ನು ಪ್ರಶ್ನೆಯಾಗಿ ಕೊಟ್ಟು, ತಕ್ಕಡಿಯನ್ನು ಕ್ಲಾಸಿಗೇ ತಂದು, ಮುಳ್ಳು ಓದಿ ದೋಷ ಹೇಳಿದ ಹುಡುಗಿಗೆ ಆ ಇಪ್ಪತ್ತರಲ್ಲಿ ನಂಬರು ಕೊಡಬಾರದೆಂದು ಯಾವ ಸುತ್ತೋಲೆಯಲ್ಲೂ ನಾವು ಓದಿಲ್ಲ.